ಹತ್ತು ಎಣಿಸುವುದರೊಳಗೆ

“ಶೆಲ್ ತೆಗೆದದ್ದು ಯಾರು? ಅಷ್ಟು ಹೇಳಿ ಸಾಕು. ನಿಮ್ಮ ಇಪ್ಪತ್ತೆರಡು ವರ್ಷದ ಸರ್ವೀಸಿನ ಕಥೆ ನನಗೆ ಬೇಡ.”

ಸರ್ವೆಯರ ಮಗಳು ನನ್ನ ಮೇಜಿನ ಎದುರು ನಿಂತು ಕೇಳಿದಳು. ಕುರ್ಚಿ ಇತ್ತು, ಕೂರಲಿಲ್ಲ. ಅವಳ ಕೈಯಲ್ಲಿ ಅವಳಪ್ಪನ ಹಳೆಯ ಕ್ಯಾಲ್ಕ್ಯುಲೇಟರ್ ಇತ್ತು. ಅಂಗೈಯಗಲದ ಕಪ್ಪು ಯಂತ್ರ. ಅಂಚಿನ ಬಣ್ಣ ಸವೆದು ಒಳಗಿನ ಲೋಹ ಕಾಣುತ್ತಿತ್ತು. ಅದರ ಬೆನ್ನಿನ ಪುಟ್ಟ ಮುಚ್ಚಳ ತೆರೆದಿತ್ತು. ಗುಂಡಿಯಂಥ ಮೂರು ಶೆಲ್ ಇರಬೇಕಾದ ಜಾಗ ಖಾಲಿ.

“ನಾನೇ ತೆಗೆದೆ,” ಎಂದೆ. “ಏನೀಗ?”

“ಏನೀಗ ಅಂತೀರಾ?”

“ಹೌದು. ಯಾವ ಯಂತ್ರ ಕೈಗೆ ಬಂದ್ರೂ ಮೊದ್ಲು ಶೆಲ್ ತೆಗೀಬೇಕು. ಅದು ಪದ್ಧತಿ. ಬಿಟ್ರೆ ಸೋರುತ್ತೆ, ಒಳಗಿನ ತಗಡೆಲ್ಲ ತಿಂದುಹಾಕುತ್ತೆ. ಬೇರೆ ಪೊಟ್ಟಣ ಕಟ್ಟಿ ಇಟ್ಟಿದೀನಿ, ನೋಡಮ್ಮ.”

ಪೊಟ್ಟಣ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಅದರ ಮೇಲೆ ಚೀಟಿ, ಚೀಟಿಯ ಮೇಲೆ ನನ್ನ ಗುಂಡನೆಯ ಅಕ್ಷರದಲ್ಲಿ ‘ಶೆಲ್, ಮೂರು’, ತಾರೀಕು, ಸಹಿ. ಪೊಲೀಸ್ ಸ್ಟೇಷನ್ನಿನ ಜಪ್ತಿ ಮಾಲಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮಾಡಿದ್ದು ಇದನ್ನೇ. ಕದ್ದ ಟಾರ್ಚು, ಕದ್ದ ರೇಡಿಯೋ, ಸತ್ತವರ ಗಡಿಯಾರ, ಏನು ಬಂದರೂ ಮೊದಲು ಶೆಲ್ ಹೊರಗೆ. ನನ್ನ ಕಪಾಟಿನಲ್ಲಿ ಒಂದು ಯಂತ್ರವೂ ತುಕ್ಕು ಹಿಡಿದಿರಲಿಲ್ಲ. ಆ ಹೆಮ್ಮೆ ನನಗಿತ್ತು. ನಿವೃತ್ತನಾಗಿ ಜನರ ಕೇಸು ಖಾಸಗಿಯಾಗಿ ಹಿಡಿಯಲು ಶುರು ಮಾಡಿದ ಮೇಲೂ ಆ ಪದ್ಧತಿ ಬಿಟ್ಟಿರಲಿಲ್ಲ.

ಅವಳು ಪೊಟ್ಟಣದ ಕಡೆ ತಿರುಗಿಯೂ ನೋಡಲಿಲ್ಲ.

“ಅಪ್ಪನ ಅಳತೆ ಅಷ್ಟೂ ಇದರ ನೆನಪಲ್ಲಿತ್ತು. ಶೆಲ್ ಇರೋ ತನಕ ಇದಕ್ಕೆ ನೆನಪು. ತೆಗೆದ್ರೆ ಸ್ವಲ್ಪ ಹೊತ್ತಲ್ಲಿ ಎಲ್ಲ ಅಳಿಸಿಹೋಗುತ್ತೆ. ಅಮ್ಮ ನಿಮಗೆ ಹೇಳಕ್ಕೆ ಬಂದ್ಳು. ನೀವು ಕೇಳಿಸ್ಕೊಂಡ್ರಾ?”

ಪೊಟ್ಟಣವನ್ನು ನನ್ನ ಕಡೆಗೆ ಎಳೆದುಕೊಂಡೆ.

ಬಂದಿದ್ದರು. ಸೋಮವಾರ ಅವರ ಮನೆಯಲ್ಲಿ ನಾನು ಯಂತ್ರವನ್ನು ಚೀಲಕ್ಕೆ ಹಾಕುತ್ತಿದ್ದಾಗ ಆ ತಾಯಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, “ಅಣ್ಣಾ, ಅದರ ಶೆಲ್ಲು...” ಎಂದರು. ನನಗೆ ಬೇರೆ ಯಾವುದೋ ಸಿಟ್ಟು ತಲೆಯಲ್ಲಿತ್ತು. ಯಾವುದು ಎಂದು ಈಗ ನೆನಪೂ ಇಲ್ಲ. ನನ್ನ ಕೆಲಸ ನನಗೆ ಗೊತ್ತಮ್ಮಾ ಎಂದು ಗದರಿಬಿಟ್ಟೆ. ಅವರು ಬಾಯಿ ಮುಚ್ಚಿ ಒಳಗೆ ಹೋದರು. ಇವಳು ಇವತ್ತು, ಗುರುವಾರ, ವಕೀಲರಿಗೆ ತೋರಿಸಲು ಯಂತ್ರ ಕೇಳಿಕೊಂಡು ಬರುವ ತನಕ ಅದು ನನ್ನ ಕಪಾಟಿನಲ್ಲಿ ಶೆಲ್ ಇಲ್ಲದೆ ಮೂರು ದಿನ ಮಲಗಿತ್ತು.

ಸ್ಟೇಷನ್ನಿನಲ್ಲಿ ನನ್ನ ಬೆನ್ನ ಹಿಂದೆ ನನಗೆ ಪ್ರೆಶರ್ ಕುಕ್ಕರ್ ಎನ್ನುತ್ತಿದ್ದರು. ನಕ್ಕು ಸುಮ್ಮನಾಗಿದ್ದೆ. ಆವತ್ತು ಮಾತ್ರ ಆ ಹೆಸರು ಚುಚ್ಚಿತು.

ಊರಿಗೆಲ್ಲ ಗೊತ್ತಿರುವುದೇ: ಆರು ವರ್ಷದ ಹಿಂದೆ ಗಿರಣಿಯ ನೀರಿನ ಟ್ಯಾಂಕು ಉರುಳಿ ನಾಲ್ವರು ಸತ್ತರು, ವಾರವಾರವೂ ಆ ಟ್ಯಾಂಕಿನ ವಾಲಿಕೆ ಅಳೆಯುತ್ತಿದ್ದ ಈ ಸರ್ವೆಯರು ಹನ್ನೊಂದು ದಿನದ ಮೇಲೆ ಎದುರಿನ ಗೋದಾಮಿನ ತಾರಸಿಯಿಂದ ಬಿದ್ದು ಸತ್ತರು, ಪಾಪಪ್ರಜ್ಞೆಯಿಂದ ಹಾರಿಕೊಂಡ ಎಂದು ಊರು ತೀರ್ಮಾನಿಸಿತು, ಮತ್ತು ಬರುವ ಸೋಮವಾರ ಆ ದುರಂತದ ವಿಚಾರಣೆ ಮತ್ತೆ ತೆರೆಯುತ್ತದೆ.

ಅವರ ಅಳತೆ ಪುಸ್ತಕದಲ್ಲಿ ಕೊನೆಯ ವಾರಗಳ ಎದುರು ಅವರದೇ ಕೈಬರಹದಲ್ಲಿ ‘ಬದಲಾವಣೆ ಇಲ್ಲ’ ಎಂದಿದೆ. ಅದೇ ಅವರನ್ನು ಮುಳುಗಿಸಿದ್ದು. ಹೆಂಡತಿ ಮಗಳು ನಂಬಿದ್ದು ಒಂದೇ ಮಾತನ್ನು. ಪುಸ್ತಕ ಯಾರ ಒತ್ತಾಯಕ್ಕೆ ಬರೆದದ್ದೋ ಏನೋ, ನಿಜವಾದ ಅಂಕಿ ಕ್ಯಾಲ್ಕ್ಯುಲೇಟರಿನಲ್ಲಿದೆ. ಅಳೆದ ತಕ್ಷಣ ಅಂಕಿಯನ್ನು ಯಂತ್ರದ ನೆನಪಿಗೆ ತುಂಬುವುದು ಅವರ ಅಭ್ಯಾಸ. ಮೊದಲ ವಾರದ್ದು ನೆನಪಿನ ಒಂದನೇ ಮನೆಗೆ, ಎರಡನೇ ವಾರದ್ದು ಎರಡನೇ ಮನೆಗೆ, ಹೀಗೆ ಹನ್ನೊಂದು ವಾರದ ಅಳತೆ ಹನ್ನೊಂದು ಮನೆಯಲ್ಲಿ. ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಮನುಷ್ಯ. ಜೊತೆಗಾರರು ಇಟ್ಟ ಅಡ್ಡಹೆಸರೇ ಕೂದಲೆಳೆ.

ಮಗಳು ಈಗ ಕೂತಳು. ದನಿಯೂ ಇಳಿಯಿತು. ಬೈಯುತ್ತಿದ್ದಾಗ ನನಗೆ ಹಾಯಾಗಿತ್ತು, ಈಗ ಕಷ್ಟವಾಯಿತು.

ವರ್ಷಕ್ಕೊಮ್ಮೆ, ಅಪ್ಪ ಸತ್ತ ತಾರೀಕಿನ ಬೆಳಿಗ್ಗೆ, ಅಮ್ಮ ಶೆಲ್ ಬದಲಿಸುತ್ತಿದ್ದುದನ್ನು ಅವಳು ಹೇಳಿದಳು. ಬೆಳಕಿರುವ ಕಿಟಕಿಯ ಹತ್ತಿರ ಬಟ್ಟೆ ಹಾಸಿ, ಮೂರು ಹೊಸ ಶೆಲ್ ಮೂರೂ ಸರಿಯಾದ ಮಗ್ಗುಲಿಗೆ ತಿರುಗಿಸಿಟ್ಟುಕೊಂಡು, ಹಳೆಯದು ಉದುರಿಸಿದ ಕೂಡಲೇ ಗಟ್ಟಿಯಾಗಿ ಎಣಿಸಲು ಶುರು ಮಾಡುತ್ತಿದ್ದರಂತೆ. ಹತ್ತರೊಳಗೆ ಹಾಕಿಬಿಡಬೇಕು ಎಂದು ಗಂಡ ಯಾವಾಗಲೋ ಹೇಳಿದ್ದರು. ಎಷ್ಟೋ ಹೊತ್ತು ತಡೆಯುತ್ತದೆ, ನಿಮಿಷ ಆದರೂ ಪರವಾಗಿಲ್ಲ ಎಂದು ಮಗಳು ಹೇಳಿದರೂ ಕೇಳುತ್ತಿರಲಿಲ್ಲ. ಒಂದು ಸಲವೂ ಎಂಟು ದಾಟಿದ್ದಿಲ್ಲ.

“ಒಂದು ವರ್ಷ ಅವಳಿಗೆ ಕೈ ಸುಟ್ಟಿತ್ತು,” ಎಂದಳು. “ನಾನು ಹಾಕ್ತೀನಿ ಬಿಡು ಅಂದೆ. ಕೊಡಲಿಲ್ಲ. ಬ್ಯಾಂಡೇಜ್ ಬಿಚ್ಚಿ ಹಾಕಿದ್ಲು.”

ಇಷ್ಟು ವರ್ಷದಲ್ಲಿ ಆ ಅಂಕಿಗಳನ್ನು ಯಾಕೆ ಓದಿ ಬರೆದಿಟ್ಟುಕೊಳ್ಳಲಿಲ್ಲ ಎಂದು ಕೇಳಿದೆ. ಕೇಳಿದ ರೀತಿ ಸರಿ ಇರಲಿಲ್ಲ. ತಪ್ಪನ್ನು ಅವರ ಕಡೆ ತಳ್ಳುವ ಹಾಗಿತ್ತು.

ಮಾವ ಬೇಡ ಅಂದಿದ್ದರು ಎಂದಳು. ಒಂದು ಕೀಲಿ ತಪ್ಪಿ ಒತ್ತಿದರೂ ಎಲ್ಲ ಹೋಗುತ್ತದೆ, ಕೇಳುವವರು ಸಿಕ್ಕ ದಿನ ನಾನೇ ಓದಿಕೊಡುತ್ತೇನೆ, ಅಲ್ಲಿಯ ತನಕ ಶೆಲ್ ಸಾಯಲು ಬಿಡಬೇಡ, ಅಷ್ಟೇ ನಿನ್ನ ಕೆಲಸ ಎಂದು ಅಮ್ಮನಿಗೆ ಹೇಳಿದ್ದರಂತೆ.

ಎದ್ದು ಅಂಗಿಯ ಜೇಬಿಗೆ ಶೆಲ್ಲಿನ ಪೊಟ್ಟಣ ಹಾಕಿಕೊಂಡೆ. ಏನಾದರೂ ಉಳಿದಿದ್ದರೆ ಹೇಳಬಲ್ಲವರು ಅವರೊಬ್ಬರೇ, ನಡಿ ಎಂದೆ.

ಮಾವ ಎಂದರೆ ಅವಳ ತಾಯಿಯ ತಮ್ಮ. ಹಳೆಯ ಅಂಚೆ ಕಚೇರಿಯ ಹಿಂದಿನ ಗಲ್ಲಿಯಲ್ಲಿ ರಿಪೇರಿ ಅಂಗಡಿ. ಸೋಲ್ಡರಿಂಗ್ ಕಡ್ಡಿಯ ಹೊಗೆಯಲ್ಲಿ ಮೂವತ್ತು ವರ್ಷ ಕೂತು ಕೂತು ಅವರ ಹೆಸರೇ ಹೊಗೆಯಣ್ಣ ಎಂದಾಗಿತ್ತು. ಸರ್ವೆಯರು ಸತ್ತ ಮೇಲೆ ಈ ಹುಡುಗಿಯನ್ನು ಕಾಲೇಜಿಗೆ ಬಿಟ್ಟು ಕರೆತಂದವರು ಅವರು. ಅವಳು ಓದಿ ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ದಿನ ಮೊದಲ ಕುರ್ಚಿಯಲ್ಲಿ ಕೂತು ಅಕ್ಷರ ಓದಿದವರೂ ಅವರೇ. ನಾನು ಈ ಕೇಸು ಹಿಡಿದ ಮೊದಲ ವಾರವೇ ಅವರನ್ನು ಕಂಡಿದ್ದೆ. ಎರಡು ಮಾತು ಹೇಳಿದ್ದರು: ಭಾವ ಸತ್ತ ವಾರ ಪೂರ್ತಿ ಜ್ವರದಲ್ಲಿ ಮಲಗಿದ್ದೆ, ಅವರ ಮುಖ ನೋಡಲಾಗಲಿಲ್ಲ. ಆ ಯಂತ್ರದ ಒಳಗನ್ನು ನಾನು ಯಾವತ್ತೂ ಕಂಡವನಲ್ಲ ಎಂದು. ಎರಡನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ.

ಮಧ್ಯಾಹ್ನ ಮೂರು ಗಂಟೆ. ಅಂಗಡಿ ರೈಲು ಬೋಗಿಯಷ್ಟು ಕಿರಿದು. ಎರಡೂ ಗೋಡೆಗೆ ರೇಡಿಯೋ, ಇಸ್ತ್ರಿಪೆಟ್ಟಿಗೆ, ಕಿವಿಯ ಯಂತ್ರ, ಹೊಟ್ಟೆ ಬಿಚ್ಚಿಕೊಂಡು ಕೂತ ಗಡಿಯಾರಗಳು. ಹೊಗೆಯಣ್ಣ ಯಾರದೋ ರೇಡಿಯೋಗೆ ತಂತಿ ಬೆಸೆಯುತ್ತಿದ್ದರು. ತಲೆ ಎತ್ತದೆ, “ಬಾ ಪುಟ್ಟಿ. ಸಾಹೇಬ್ರೂ ಬಂದ್ರಾ? ಇವತ್ತು ಯಾರ ಮೇಲೆ ಕೂಗಾಡಕ್ಕೆ?” ಎಂದರು.

ಮಗಳು ವಿಷಯ ಹೇಳಿದಳು. ನನ್ನನ್ನು ಬೈಯದೆ, ಶೆಲ್ ತೆಗೆದುಬಿಟ್ಟಿದ್ದರು ಎಂದಷ್ಟೇ ಹೇಳಿದಳು.

ಹೊಗೆಯಣ್ಣ ಕಡ್ಡಿಯನ್ನು ಅದರ ಸುರುಳಿಗೆ ಸಿಕ್ಕಿಸಿದರು. ನನ್ನನ್ನು ನೋಡಿದರು. ಕೋಪ ಬರಬೇಕಿತ್ತು. ಬಂದದ್ದು ಕೋಪವಾಗಿರಲಿಲ್ಲ. ಬಹಳ ದಿನದಿಂದ ತಲೆಯ ಮೇಲೆ ಹೊತ್ತದ್ದನ್ನು ಯಾರೋ ಇಳಿಸಿಕೊಂಡಾಗ ಮುಖ ಹೇಗಾಗುತ್ತದೋ ಹಾಗಿತ್ತು. ಸ್ಟೇಷನ್ನಿನಲ್ಲಿ ಆ ಮುಖ ಎಷ್ಟೋ ಸಲ ನೋಡಿದ್ದೇನೆ. ಸಾಕ್ಷಿ ಸತ್ತ ಎಂದು ಹೇಳಿದಾಗ ಬರುವ ಮುಖ ಅದು.

“ಹೋದದ್ದು ಹೋಯ್ತು ಬಿಡಿ,” ಎಂದರು. “ಸಾಹೇಬ್ರು ಬೇಕು ಅಂತ ಮಾಡಿಲ್ಲವಲ್ಲ.”

ಬಿಚ್ಚಿ ನೋಡಿ ಎಂದೆ. ಪ್ರಯೋಜನವಿಲ್ಲ ಎಂದರು. ಆದರೂ ಬಿಚ್ಚಿ ಎಂದೆ. ಆಗ ಅವರು ಪಾಠ ಹೇಳಲು ಶುರು ಮಾಡಿದರು. ಇದರೊಳಗಿನ ನೆನಪಿನ ಚಿಪ್ ಎಂದರೆ ಕಲ್ಲಿನ ಮೇಲೆ ಕೆತ್ತಿದ ಅಕ್ಷರವಲ್ಲ, ಬೊಗಸೆಯಲ್ಲಿ ಹಿಡಿದ ನೀರು; ಶೆಲ್ ಇರುವ ತನಕ ಬೆರಳು ಬಿಗಿಯಾಗಿ ಮುಚ್ಚಿರುತ್ತದೆ, ಶೆಲ್ ತೆಗೆದರೆ ಬೆರಳು ಸಡಿಲ, ನೀರು ನೆಲಕ್ಕೆ. ಮೂರು ದಿನ ಆದ ಮೇಲೆ ನೆಲವೂ ಒಣಗಿರುತ್ತದೆ.

ಚೆನ್ನಾಗಿ ಹೇಳುತ್ತಿದ್ದರು. ತುಂಬಾ ಚೆನ್ನಾಗಿ. ನನಗೆ ಉಪದೇಶ ಉದ್ದವಾದಾಗಲೆಲ್ಲ ಅನುಮಾನ ಬರುತ್ತದೆ.

ಅವರ ಮಾತು ಕೇಳುತ್ತಾ ಕೈಗೆ ಸಿಕ್ಕ ಕಿವಿಯ ಯಂತ್ರವೊಂದರ ಮುಚ್ಚಳ ತಿರುಗಿಸಿ ನೋಡಿದೆ. ಒಳಮೈಯಲ್ಲಿ ಸೂಜಿಯಿಂದ ಗೀರಿದ ತಾರೀಕು, ಪಕ್ಕದಲ್ಲಿ ಹೊಗೆಯ ಹಾಗೆ ಒಂದು ಸುರುಳಿ ಗೀಟು. ಇನ್ನೊಂದು ರೇಡಿಯೋದ ಮುಚ್ಚಳ ನೋಡಿದೆ. ಅಲ್ಲೂ ತಾರೀಕು, ಸುರುಳಿ.

ಇದೇನು ಎಂದು ಮಗಳನ್ನು ಕೇಳಿದೆ.

“ಮಾವ ಏನು ಮುಟ್ಟಿದ್ರೂ ಒಳಗೆ ತಾರೀಕು ಗೀಚ್ತಾರೆ. ಮತ್ತೆ ಕೆಟ್ಟು ಬಂದ್ರೆ, ತನ್ನ ಕೈ ಎಷ್ಟು ದಿನ ಬಾಳ್ತು ಅಂತ ನೋಡ್ಕೊಳ್ಳಕ್ಕೆ.” ಸ್ವಲ್ಪ ನಕ್ಕಳು. “ನನ್ನ ಕಂಪಾಸ್ ಪೆಟ್ಟಿಗೆಯೊಳಗೂ ಇದೆ.”

“ಬಿಚ್ಚಿ,” ಎಂದೆ ಹೊಗೆಯಣ್ಣನಿಗೆ. ಈ ಸಲ ಕೂಗಲಿಲ್ಲ.

ಅವರು ಕ್ಯಾಲ್ಕ್ಯುಲೇಟರನ್ನು ಮಗುಚಿ ನಾಲ್ಕು ಮೂಲೆಯ ರಬ್ಬರ್ ಪಾದಗಳನ್ನು ಉಗುರಿನಿಂದ ಎಬ್ಬಿಸಿದರು. ಅವುಗಳ ಅಡಿಯಲ್ಲಿ ನಾಲ್ಕು ತಿರುಪು. ಹೊರಗಿನಿಂದ ನೋಡಿದವನಿಗೆ ಈ ಯಂತ್ರಕ್ಕೆ ತಿರುಪೇ ಇಲ್ಲ. ಇದರ ಒಳಗನ್ನು ಕಂಡವನಲ್ಲ ಎಂದಿದ್ದ ಮನುಷ್ಯ ಹುಡುಕಲಿಲ್ಲ, ತಡವರಿಸಲಿಲ್ಲ. ತಿರುಪುಗಳ ತಲೆಯ ಮೇಲೆ ಹಳೆಯ ಗೀರು ಮಿನುಗುತ್ತಿತ್ತು.

ಬೆನ್ನು ಕಳಚಿತು. ಅವರು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಿಂದ ಒಳಗಿನ ಹಸಿರು ಹಲಗೆಯನ್ನು ದೀಪಕ್ಕೆ ಒಡ್ಡಿದರು. ಹಲಗೆಯ ಮೇಲೆ ಮೂರು ಚಿಪ್. ಜಿರಳೆಯ ಹಾಗೆ ಎರಡೂ ಪಕ್ಕ ಕಾಲು. ಭೂತಗನ್ನಡಿ ಕೇಳಿ ಇಸಿದುಕೊಂಡೆ. ಎರಡು ಚಿಪ್ಪಿನ ಕಾಲಿನ ಬೆಸುಗೆ ಹಳೆಯ ಪಾತ್ರೆಯ ಹಾಗೆ ಮಂಕು, ಒಂದೇ ಅಳತೆ, ಕಾರ್ಖಾನೆಯ ಕೆಲಸ. ಮೂರನೆಯದರ ಬೆಸುಗೆ ಹೊಳೆಯುತ್ತಿತ್ತು. ಒಂದು ಕಾಲಿಗೆ ಹೆಚ್ಚು, ಒಂದಕ್ಕೆ ಕಡಿಮೆ. ಸುತ್ತ ಜೇನಿನ ಬಣ್ಣದ ರಾಳ ಒಣಗಿ ಅಂಟಿಕೊಂಡಿತ್ತು. ಮನುಷ್ಯನ ಕೈ.

ನೆನಪಿನ ಚಿಪ್ ಯಾವುದು ಎಂದು ಕೇಳಿದೆ.

ಮಗಳು ಬಗ್ಗಿ ನೋಡಿದಳು. ನನಗಿಂತ ಮೊದಲು ಅವಳು ಕಂಡದ್ದು ಬೇರೆ. “ಮಾವ, ಆ ಹೆಬ್ಬೆಟ್ಟು ತೆಗೀರಿ,” ಎಂದಳು.

ಕಳಚಿದ ಬೆನ್ನು ಅವರ ಎಡಗೈಯಲ್ಲೇ ಇತ್ತು. ಹೆಬ್ಬೆಟ್ಟು ಅದರ ಒಳಮೈಯ ಒಂದು ಮೂಲೆಯನ್ನು ಒತ್ತಿ ಹಿಡಿದಿತ್ತು. ಉಗುರು ಬೆಳ್ಳಗಾಗಿತ್ತು.

“ಮಾವ.”

ಹೆಬ್ಬೆಟ್ಟು ಸರಿಯಿತು. ಸೂಜಿಯ ಗೀರು, ಪಕ್ಕದಲ್ಲಿ ಸುರುಳಿ. ತಿಂಗಳ ಹತ್ತೊಂಬತ್ತು, ಆ ವರ್ಷ. ಟ್ಯಾಂಕು ಬಿದ್ದದ್ದು ಎಂಟನೇ ತಾರೀಕು. ಎಂಟಕ್ಕೆ ಹನ್ನೊಂದು ಸೇರಿಸಲು ನನಗೆ ಕ್ಯಾಲ್ಕ್ಯುಲೇಟರ್ ಬೇಕಿರಲಿಲ್ಲ.

“ಅಪ್ಪ ಸತ್ತ ದಿನ,” ಎಂದಳು ಮಗಳು.

ಹೊಗೆಯಣ್ಣ ಸ್ಟೂಲಿನ ಮೇಲೆ ಕೂತರು. ಅವರು ಮಾತಾಡಲು ಹಿಡಿದ ಹೊತ್ತಿನಲ್ಲಿ ಗಲ್ಲಿಯಲ್ಲಿ ಒಂದು ಸೈಕಲ್ ಹೋಯಿತು, ಗಂಟೆ ಬಾರಿಸಿತು, ತಿರುವಿನಲ್ಲಿ ಮರೆಯಾಯಿತು.

ಜ್ವರ ಸುಳ್ಳು ಎಂದರು. ಆವತ್ತು ಹನ್ನೊಂದು ಗಂಟೆಗೆ ಭಾವ ಬಂದಿದ್ದರು. ಈಗ ನಾನು ನಿಂತಿರುವ ಜಾಗದಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಹತ್ತನೇ ವಾರಕ್ಕೇ ಟ್ಯಾಂಕು ವಾಲಿದ್ದು ಅಳತೆಯಲ್ಲಿ ಸಿಕ್ಕಿತ್ತು. ಕಂತ್ರಾಟುದಾರ ಎರಡು ವಾರ ಕೇಳಿದ. ಗಿರಣಿಯ ವಾರ್ಷಿಕ ರಜೆ ಬರುತ್ತದೆ, ಆಗ ನೀರು ಇಳಿಸಿ ಗುಟ್ಟಾಗಿ ಸರಿ ಮಾಡಿಸುತ್ತೇನೆ, ಈಗ ಗದ್ದಲ ಬೇಡ ಎಂದ. ಕೂದಲೆಳೆಯನ್ನೂ ಬಿಡದ ಮನುಷ್ಯ ಎರಡು ವಾರ ಬಿಟ್ಟುಕೊಟ್ಟರು. ಯಂತ್ರದೊಳಗೆ ನಿಜವಾದ ಅಂಕಿ ತುಂಬಿ, ಪುಸ್ತಕದಲ್ಲಿ ‘ಬದಲಾವಣೆ ಇಲ್ಲ’ ಎಂದು ಬರೆದರು. ಟ್ಯಾಂಕು ಎರಡು ವಾರ ಕೊಡಲಿಲ್ಲ.

ಮಗಳು ಗೋಡೆಗೆ ಒರಗಿದಳು. ಆರು ವರ್ಷದಿಂದ ಅವಳು ಹುಡುಕುತ್ತಿದ್ದದ್ದು ಅಪ್ಪನಿಗೆ ಗೊತ್ತಿರಲಿಲ್ಲ ಎನ್ನುವ ಸಾಕ್ಷಿ. ಅಥವಾ ಗೊತ್ತಾದ ಕೂಡಲೇ ಕೂಗಿ ಹೇಳಿದ್ದರು ಎನ್ನುವ ಸಾಕ್ಷಿ. ಸಿಕ್ಕಿದ್ದು ಇದು.

“ಮಾರನೇ ದಿನ ವಿಚಾರಣೆಗೆ ಹೋಗಿ ಎಲ್ಲಾನೂ ಓದಿ ಹೇಳ್ತೀನಿ ಅಂದ್ರು,” ಎಂದರು ಹೊಗೆಯಣ್ಣ. “ನನ್ನ ತಪ್ಪೂ ಹೇಳ್ತೀನಿ, ಅವನದ್ದೂ ಹೇಳ್ತೀನಿ, ಜೈಲಾದ್ರೆ ಆಗಲಿ. ಶೆಲ್ ಸೋತಿದೆ, ನಾಳೆ ತನಕ ಬಾಳಲ್ಲ, ಹೊಸದು ಹಾಕೋ ಹೊತ್ತಿಗೆ ನೆನಪು ಹೋದೀತು, ಹೊರಗಿಂದ ಎರಡು ತಂತಿ ಕೊಟ್ಟು ಹಿಡಿ ಅಂದ್ರು.”

“ಹಿಡಿದ್ರಾ?”

“ತಂತಿ ಕೊಟ್ಟೆ.” ಅವರು ತಮ್ಮ ಬೆರಳು ನೋಡಿಕೊಂಡರು. “ತಿರುಗಾಮುರುಗಾ ಕೊಟ್ಟೆ.”

ತಪ್ಪಿ ಆಯಿತೇ ಎಂದು ಕೇಳಿದೆ. ಹಾಗೆ ಹೇಳಲಿ ಎಂದು ಆಸೆ ಇತ್ತು ನನಗೆ.

“ಮೂವತ್ತು ವರ್ಷದ ಕೈ ಸಾಹೇಬ್ರೇ. ಕಣ್ಣು ಮುಚ್ಚಿ ಕೊಟ್ರೂ ತಪ್ಪಲ್ಲ. ಅಕ್ಕನ ಮನೆ ಉಳೀಲಿ ಅಂತ ಕೊಟ್ಟೆ. ಯಂತ್ರ ಸತ್ರೆ ಭಾವ ಸುಮ್ಮನಾಗ್ತಾರೆ, ಹೋದ ನಾಲ್ಕು ಜೀವ ಅಂತೂ ಬರಲ್ಲ, ಇವರಾದ್ರೂ ಮನೇಲಿರ್ತಾರೆ ಅಂದ್ಕೊಂಡೆ. ಹತ್ತು ಎಣಿಸೋದ್ರೊಳಗೆ ಮುಗೀತು. ಒಂದು ಎಳೆ ಹೊಗೆ ಬಂತು.”

ಭಾವ ಆ ಹೊಗೆ ನೋಡಿದರಂತೆ. ಬೈಯಲಿಲ್ಲ. “ನಿನಗೆ ಈ ಹೆಸರು ಸುಮ್ಮನೆ ಬಂದಿಲ್ಲ ಕಣೋ,” ಎಂದು ನಕ್ಕರಂತೆ. ಯಂತ್ರವನ್ನು ಬೆಂಚಿನ ಮೇಲೆ ಅಲ್ಲೇ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಖಾಲಿ ಕೈಯಲ್ಲಿ ಮೆಟ್ಟಿಲಿಳಿದು ಹೋದರಂತೆ. ಸಂಜೆ ಐದೂವರೆಗೆ ಗೋದಾಮಿನ ಕೆಳಗೆ ಸಿಕ್ಕರು.

“ಆಮೇಲೆ ಭಾವನ್ನ ನಾನು ನೋಡಲಿಲ್ಲ,” ಎಂದರು. “ಹೆಣವಾಗಿಯೇ ನೋಡಿದ್ದು.”

ಹಾಗಾದರೆ ಹೊಸ ಚಿಪ್ ಯಾಕೆ ಎಂದು ಕೇಳಿದೆ. ಕಡ್ಡಿಯ ಕಡೆ ಕೈ ತೋರಿಸಿದರು. ಕೆಟ್ಟದ್ದು ಎದುರಿಗಿದ್ದರೆ ಅವರಿಗೆ ಕೂರಲು ಆಗುವುದಿಲ್ಲವಂತೆ. ಬಿಡಿಭಾಗಕ್ಕೆಂದು ಇಟ್ಟಿದ್ದ ಅಂಥದ್ದೇ ಇನ್ನೊಂದು ಯಂತ್ರದಿಂದ ಚಿಪ್ ಕಿತ್ತು ಮಧ್ಯಾಹ್ನವೇ ಕೂರಿಸಿದರು. ಯಂತ್ರ ಬದುಕಿತು. ನೆನಪಿನ ಹನ್ನೊಂದು ಮನೆಯಲ್ಲೂ ಸೊನ್ನೆ. ಕೈ ತನ್ನ ಪಾಡಿಗೆ ತಾನು ಸೂಜಿ ತೆಗೆದು ತಾರೀಕು ಗೀಚಿತು.

ಆ ಕೈಯನ್ನು ನಾನು ಬೈಯಲಾರೆ. ಇನ್ನೊಂದು ಕೈ ಸೋಮವಾರ ತನ್ನ ಪಾಡಿಗೆ ತಾನು ಶೆಲ್ ಕಿತ್ತು ಚೀಟಿ ಹಚ್ಚಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಅವರು ಸೊನ್ನೆ ಎಂದ ಕ್ಷಣ ನನಗೆ ಸಂತೋಷವಾಯಿತು. ನಾನು ಏನನ್ನೂ ಅಳಿಸಿರಲಿಲ್ಲ. ಅಳಿಸಲು ಏನೂ ಇರಲೇ ಇಲ್ಲ. ಅದೇ ಉಸಿರಿನಲ್ಲಿ ಮಗಳ ಮುಖ ನೋಡಿದೆ. ಸುಟ್ಟ ಕೈಯ ಬ್ಯಾಂಡೇಜ್ ಬಿಚ್ಚಿ ಖಾಲಿ ಯಂತ್ರಕ್ಕೆ ಶೆಲ್ ಹಾಕುತ್ತಾ ಎಂಟರ ತನಕ ಎಣಿಸಿದ ತಾಯಿಯನ್ನು ಅವಳು ಕಾಣುತ್ತಿದ್ದಳು. ನನ್ನ ಸಂತೋಷಕ್ಕೆ ನಾನೇ ಉಗಿಯಬೇಕು ಅನ್ನಿಸಿತು.

“ಅಮ್ಮನಿಗೆ ಯಾಕೆ ಹೇಳಲಿಲ್ಲ?” ಎಂದಳು.

“ಅದರಲ್ಲಿ ನೆನಪಿದೆ ಅಂತ ಅವಳೇ ನಂಬಿದ್ಲು ಪುಟ್ಟಿ. ಊಟ ಬಿಟ್ಟಿದ್ಲು, ಮಾತು ಬಿಟ್ಟಿದ್ಲು. ಇದೊಂದನ್ನ ಎತ್ಕೊಂಡು ಓಡಾಡ್ತಿದ್ಲು. ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರಲಿಲ್ಲ. ಶೆಲ್ ಸಾಯಕ್ಕೆ ಬಿಡಬೇಡ ಅಂದೆ. ಒಂದು ವರ್ಷ ಹೀಗೇ ಹೋಗಲಿ, ಆಮೇಲೆ ಹೇಳೋಣ ಅಂದ್ಕೊಂಡೆ.”

ಒಂದು ವರ್ಷ ಆರಾಯಿತು. ಅವರು ಎರಡು ವಾರ ಕೇಳಿದ ಕಂತ್ರಾಟುದಾರನ ಹಾಗೇ ಮಾತಾಡುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಅವರಿಗೂ ಹೊಳೆದ ಹಾಗೆ ಕಂಡಿತು.

ಅಂಗಡಿಯಲ್ಲಿ ಕಡ್ಡಿಯ ತುದಿಯಿಂದ ಹೊಗೆ ಏಳುತ್ತಿತ್ತು. ಕೇಸು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಿಜ ಹೇಳಲು ಹೊರಟ ಮನುಷ್ಯನ ಕೈಯಿಂದ ಸಾಕ್ಷಿ ಹೋಯಿತು, ಮನೆಯವನೇ ಸುಟ್ಟ, ಆ ಸರ್ವೆಯರು ತಾರಸಿ ಹತ್ತಿದರು. ಸೋಮವಾರ ಇಷ್ಟನ್ನೇ ಹೇಳಬಹುದು. ಮರ್ಯಾದೆ ಪೂರ್ತಿ ಉಳಿಯದಿದ್ದರೂ, ಕೊನೆಗೆ ಬಾಯಿ ಬಿಡಲು ಹೊರಟಿದ್ದ ಎಂದಾದರೂ ಆಗುತ್ತದೆ. ನನ್ನ ಪೊಲೀಸ್ ಬುದ್ಧಿ ಅಲ್ಲಿಗೆ ನಿಂತಿತ್ತು.

ಮಗಳ ಬುದ್ಧಿ ನಿಂತಿರಲಿಲ್ಲ.

“ಮಾವ,” ಎಂದಳು ಬಹಳ ಮೆಲ್ಲಗೆ. “ಅಪ್ಪ ಇದನ್ನ ಇಲ್ಲೇ ಬಿಟ್ಟು ಹೋದ್ರು ಅಂದ್ರಲ್ಲ.”

“ಹೂಂ.”

“ಮಧ್ಯಾಹ್ನ ನೀವು ಚಿಪ್ ಹಾಕಿದ್ರಿ.”

“ಹೂಂ.”

“ಅಪ್ಪನ ಚೀಲ ಸಿಕ್ಕಿದ್ದು ತಾರಸಿ ಮೇಲೆ. ಪೊಲೀಸ್ರು ಅಲ್ಲೇ ಪಟ್ಟಿ ಮಾಡಿ ನನ್ನ ಕೈಗೇ ಕೊಟ್ರು. ನಾನೇ ಸಹಿ ಹಾಕಿದೆ.” ಅವಳು ಬೆಂಚಿನ ಮೇಲಿನ ಯಂತ್ರದ ಮೇಲೆ ಬೆರಳಿಟ್ಟಳು. “ಇದು ಆ ಚೀಲದಲ್ಲಿತ್ತು.”

ನನ್ನ ಜೇಬಿನಲ್ಲೇ ಆ ಪಟ್ಟಿಯ ನಕಲಿತ್ತು. ಮೂರು ವಾರದಿಂದ ಹೊತ್ತು ತಿರುಗುತ್ತಿದ್ದೆ. ಅಳತೆ ಟೇಪು ಒಂದು, ಕೊಡೆ ಒಂದು, ನೀರಿನ ಬಾಟಲಿ ಒಂದು, ಕಪ್ಪು ಕ್ಯಾಲ್ಕ್ಯುಲೇಟರ್ ಒಂದು. ಬಾಯಿಪಾಠ ಬರುತ್ತಿತ್ತು. ಆದರೂ ಹೊಳೆದಿರಲಿಲ್ಲ.

ಭಾವ ಖಾಲಿ ಕೈಯಲ್ಲಿ ಹೋದರು. ಯಂತ್ರ ಆಮೇಲೆ ತಾರಸಿಗೆ ಹೋಯಿತು. ಅದಕ್ಕೆ ಕಾಲಿಲ್ಲ. ಒಯ್ದದ್ದು ಈ ಅಂಗಡಿಯ ಕೈ.

ಹೊಗೆಯಣ್ಣ ಸ್ಟೂಲನ್ನು ಬೆಂಚಿನಿಂದ ಹಿಂದಕ್ಕೆ ಸರಿಸಿಕೊಂಡರು. ನಾನು ಸ್ಟೇಷನ್ನಿನಲ್ಲಿದ್ದಿದ್ದರೆ ಮೇಜು ಗುದ್ದುತ್ತಿದ್ದೆ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಮನುಷ್ಯ ಆ ಸದ್ದಿಗೆ ಬೆದರಿ ಏನಾದರೂ ಬಿಡುತ್ತಿದ್ದ. ಕೈ ಎದ್ದೂ ಇತ್ತು. ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಅರ್ಧ ಮಾತಿಗೆ ತಿರ್ರನೆ ಹಿಂದೆ ಹೋದ ಆ ತಾಯಿಯ ನೆನಪಾಯಿತು. ಕೈ ಇಳಿಸಿದೆ. ಹುಟ್ಟಿದಾಗಿನಿಂದ ಮೊದಲ ಸಲ, ಇನ್ನೊಬ್ಬ ಮನುಷ್ಯ ತಾನಾಗಿ ಮಾತಾಡಲಿ ಎಂದು ಕಾದೆ.

ಅವರು ಕನ್ನಡಕ ತೆಗೆದು ಮಡಚಿ ಬೆಂಚಿನ ಮೇಲೆ, ಯಂತ್ರದ ಪಕ್ಕದಲ್ಲಿ ಇಟ್ಟರು. ಕಣ್ಣು ಒರೆಸಿಕೊಳ್ಳಲು ಎಂದುಕೊಂಡೆ. ಎರಡೂ ಅಂಗೈ ನೋಡಿಕೊಂಡರು. ರಾಳ ಅಂಟಿ ಕಂದಾಗಿತ್ತು.

“ಕೈ ತೊಳ್ಕೊಂಡು ಬಂದು ಹೇಳ್ತೀನಿ,” ಎಂದರು. “ಈ ಕೈಲಿ ಹೇಳಕ್ಕಾಗಲ್ಲ.”

ನಲ್ಲಿ ಗಲ್ಲಿಯ ತಿರುವಿನಲ್ಲಿತ್ತು, ಇಪ್ಪತ್ತು ಹೆಜ್ಜೆ. ಬರುವಾಗ ನೋಡಿದ್ದೆ. ಹೋಗಿ ಬನ್ನಿ ಎಂದೆ.

ಬಾಗಿಲಲ್ಲಿ ನಿಂತು ಮಗಳ ತಲೆಯ ಮೇಲೆ ಕೈಯಿಡಲು ಹೋದರು, ಅಂಟು ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು.

“ಎಣಿಸ್ತಿರು ಪುಟ್ಟಿ,” ಎಂದರು. “ಬಂದ್ಬಿಡ್ತೀನಿ.”

ಚಿಕ್ಕವಳಿದ್ದಾಗ ಶಾಲೆಯ ಗೇಟಿನಲ್ಲಿ ಬಿಟ್ಟು ಹೋಗುವಾಗ ಹೀಗೇ ಹೇಳುತ್ತಿದ್ದರಂತೆ. ಅವಳು ಎಣಿಸುತ್ತಾ ಅಳು ಮರೆಯುತ್ತಿದ್ದಳಂತೆ. ಅವಳು ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ನಿಂತಿತ್ತು.

ಕಾದೆವು. ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಎಣಿಸುತ್ತಿದ್ದಾಳೆ ಎಂದು ನನಗೆ ತಡವಾಗಿ ತಿಳಿಯಿತು. ನಾನು ಜೇಬಿನಿಂದ ಪೊಟ್ಟಣ ತೆಗೆದು, ಚೀಟಿ ಹರಿದು, ಮೂರು ಶೆಲ್ಲನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟೆ. ಯಾಕೆ ಎಂದು ಗೊತ್ತಿಲ್ಲ. ಕೈಗೆ ಏನಾದರೂ ಬೇಕಿತ್ತು.

ಅವಳು ಕನ್ನಡಕ ಎತ್ತಿಕೊಂಡಳು. ಬೆಳಕಿಗೆ ಹಿಡಿದು ಆ ದಪ್ಪ ಗಾಜಿನ ಮೂಲಕ ಗಲ್ಲಿಯ ಕಡೆ ನೋಡಿದಳು. ತುಟಿ ನಿಂತಿತು.

“ಸಾರ್,” ಎಂದಳು. ಆ ದಿನ ಮೊದಲ ಸಲ ಹಾಗೆ ಕರೆದದ್ದು. “ಈ ಪವರ್ ನಾನೇ ಬರ್ಕೊಟ್ಟಿದ್ದು. ಇದಿಲ್ಲದೆ ಮಾವನಿಗೆ ಎದುರಿಗೆ ಬರೋ ಬಸ್ಸೂ ಕಾಣಲ್ಲ. ಮುಖ ತೊಳೆಯೋವಾಗಲೂ ಜೇಬಲ್ಲಿಟ್ಕೋತಾರೆ. ಬಿಟ್ಟು ಹೋಗಲ್ಲ.”

ನಾನು ಓಡಿದೆ. ನನ್ನ ವಯಸ್ಸಿಗೆ, ನನ್ನ ಹೊಟ್ಟೆಗೆ ಎಷ್ಟು ಸಾಧ್ಯವೋ ಅಷ್ಟು ಓಡಿದೆ. ತಿರುವಿನಲ್ಲಿ ನಲ್ಲಿ ಇತ್ತು. ಅದರ ಕೆಳಗಿನ ಕಲ್ಲು ಒಣಗಿತ್ತು. ಬೆಳಗಿನಿಂದ ಅಲ್ಲಿ ಯಾರೂ ಕೈ ತೊಳೆದಿರಲಿಲ್ಲ.

ಅಲ್ಲಿಂದ ದಾರಿ ಎರಡಾಗುತ್ತದೆ. ಒಂದು ಬಸ್ ನಿಲ್ದಾಣಕ್ಕೆ. ಇನ್ನೊಂದು ಗಿರಣಿಯ ಹಿಂಭಾಗಕ್ಕೆ, ಗೋದಾಮಿಗೆ. ಎರಡರಲ್ಲೂ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಹೆಸರು ಹಿಡಿದು ಕೂಗಿದೆ. ನನ್ನ ಗಂಟಲು ಆ ಊರಿನ ಅರ್ಧಕ್ಕೆ ಕೇಳುತ್ತದೆ. ಮೇಲಿನ ಕಿಟಕಿಯೊಂದು ತೆರೆದು, ಯಾರೋ ಹೆಂಗಸು ನೋಡಿ, ಮುಚ್ಚಿಕೊಂಡಳು.

ಅಂಗಡಿಗೆ ತಿರುಗಿ ಬಂದಾಗ ಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಕನ್ನಡಕ. ನನ್ನ ಮುಖ ನೋಡಿದಳು, ಗಲ್ಲಿಯ ಕಡೆ ತಿರುಗಿ ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು.

“ಮುನ್ನೂರ ಹನ್ನೊಂದು. ಮುನ್ನೂರ ಹನ್ನೆರಡು.”